ಕಾಲು ಕತ್ತರಿಸದ ಕುರ್ಚಿ

ನಮ್ಮೂರಿನಲ್ಲಿ ಹೊಸ ಕುರ್ಚಿ ಮನೆಗೆ ಬಂದರೆ ಮೊದಲು ಅದರ ಹಿಂದಿನ ಎರಡು ಕಾಲುಗಳನ್ನು ಗಿಡ್ಡ ಮಾಡುತ್ತಾರೆ. ಮನೆಯ ಹಿರಿಯರು ಕಾಲುಗಳಿಗೆ ಅರಿಸಿನ ಕುಂಕುಮ ಹಚ್ಚಿ ಗರಗಸ ಹಿಡಿಯುತ್ತಾರೆ, ಉಳಿದವರು ಕುರ್ಚಿಯನ್ನು ಅದುಮಿ ಹಿಡಿದುಕೊಳ್ಳುತ್ತಾರೆ. ಅಷ್ಟಾದ ಮೇಲೇ ಕುರ್ಚಿ ಮನೆಯದಾಯಿತು ಎಂದು ಅರ್ಥ. ಬೆಳಿಗ್ಗೆ ಊರು ಪೂರ್ವಕ್ಕೆ ವಾಲುತ್ತದೆ. ಆಗ ಕುರ್ಚಿಯನ್ನು ಪೂರ್ವಕ್ಕೆ ಮುಖ ಮಾಡಿ ಇಟ್ಟರೆ ಉದ್ದ ಕಾಲು ಇಳಿಜಾರಿನ ಕಡೆಗೂ ಗಿಡ್ಡ ಕಾಲು ಏರಿನ ಕಡೆಗೂ ಬಂದು ಕೂತವರು ನೆಟ್ಟಗಿರುತ್ತಾರೆ. ಸಂಜೆ ಊರು ಪಶ್ಚಿಮಕ್ಕೆ ವಾಲುತ್ತದೆ, ಕುರ್ಚಿಯನ್ನು ಆ ಕಡೆ ತಿರುಗಿಸಿದರಾಯಿತು. ನಡುವೆ, ಮಧ್ಯಾಹ್ನ, ಸ್ವಲ್ಪ ಹೊತ್ತು ಎಲ್ಲ ಮಟ್ಟಸವಾಗಿರುತ್ತದೆ. ಆಗ ನಮ್ಮ ಕುರ್ಚಿಗಳು ತಾವಾಗಿಯೇ ಹಿಂದಕ್ಕೆ ಒರಗುವುದರಿಂದ ಊರಿಗೆ ಊರೇ ನಿದ್ದೆ ಮಾಡುತ್ತದೆ. ಮಲಗದವರೆಂದರೆ ಕ್ಷೌರಿಕರು ಮತ್ತು ನನ್ನ ಗಂಡ ತಿಪ್ಪೇಶನಂತೆ ಎಣ್ಣೆ ಅಂಗಡಿಯಲ್ಲಿ ಕೆಲಸ ಮಾಡುವವರು. ಒರಗಿ ಕೂತವರ ಗಡ್ಡ ಹೆರೆಯಲು, ಎಣ್ಣೆಯನ್ನು ನ್ಯಾಯವಾಗಿ ಅಳೆಯಲು ಆಗುವುದು ಆ ಹೊತ್ತಿನಲ್ಲಿ ಮಾತ್ರ.

ಮೇಜು ಕಪಾಟುಗಳ ತಂಟೆಗೆ ಯಾರೂ ಹೋಗುವುದಿಲ್ಲ. ಸಾಮಾನು ಊರಿನ ಮಾತು ಕೇಳಬೇಕು, ಮನುಷ್ಯ ನೆಟ್ಟಗಿರಬೇಕು ಎಂದು ನಮ್ಮತ್ತೆ ಕೆಂಚಮ್ಮ ಹೇಳುತ್ತಾರೆ. ಮೇಜಿನ ಸುತ್ತ ಪಟ್ಟಿ ಹೊಡೆದಿರುತ್ತದೆ; ಲೋಟ ಜಾರಿ ಅಲ್ಲಿಗೆ ಹೋಗಿ ನಿಲ್ಲುತ್ತದೆ, ನಾವು ಅಲ್ಲಿಂದ ಎತ್ತಿಕೊಂಡು ಕುಡಿಯುತ್ತೇವೆ. ಕೆಳಗೆ ಬೆಣೆ ಕೊಟ್ಟು ಮಟ್ಟ ಮಾಡುವುದು ಹೆಣ ಮಲಗಿಸುವ ಹಲಗೆಗೆ ಮಾತ್ರ. ಸತ್ತವರು ತಾವಾಗಿ ನೆಟ್ಟಗಿರಲಾರರಲ್ಲ, ಅದಕ್ಕೆ.

ಇದನ್ನೆಲ್ಲ ಹೊರಗಿನವರಿಗೆ ಹೇಳುವ ವಾಡಿಕೆ ನಮ್ಮಲ್ಲಿಲ್ಲ. ಹೇಳಿದರೆ ಊರಿನ ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ ಎಂದು ಹಿಂದಿನವರು ಹೆದರಿದ್ದರಂತೆ. ಹೊರಗಿನ ಬಸ್ಸು ಮಧ್ಯಾಹ್ನ ಬಂದು, ಊರು ಮಟ್ಟಸವಾಗಿರುವಾಗಲೇ ತಿರುಗಿ ಹೋಗುತ್ತದೆ. ಅದರಲ್ಲಿ ಬಂದವರು ನೋಡುವುದು ಗೊರಕೆ ಹೊಡೆಯುವ ಒಂದು ಸಾಧಾರಣ ಊರನ್ನು. ನಾನು ಈಗ ಇಲ್ಲಿ ಬರೆಯುತ್ತಿರುವುದು ಸರಿಯೋ ತಪ್ಪೋ ಎಂದು ನನಗೂ ಅನುಮಾನವಿದೆ. ಆದರೆ ಕುರ್ಚಿಯ ವಿಷಯ ಹೇಳಬೇಕಾದರೆ ಇಷ್ಟು ಹೇಳದೆ ಆಗುವುದಿಲ್ಲ.

ನಾನು ಇಂದ್ರಾಣಿ. ಗಾಣದಲ್ಲಿ ಹಿಂಡಿಯ ಮೂಟೆ ಹೊಲಿಯುತ್ತ ಸಂಜೆ ಶಾಲೆಗೆ ಹೋಗಿ ಹತ್ತನೆಯದನ್ನು ಮುಗಿಸಿದೆ, ಆಮೇಲೆ ಅಲ್ಲಿಯೇ ಕಂಪ್ಯೂಟರು ಕಲಿತೆ. ಹೊರಗಿನ ಒಂದು ವಿಮಾ ಕಂಪನಿಗೆ ಮನೆಯಿಂದಲೇ ಅರ್ಜಿಗಳನ್ನು ತಾಳೆ ನೋಡುವವರು ಬೇಕಾಗಿದ್ದರು. ಆ ಕೆಲಸ ನನಗೆ ಸಿಕ್ಕಿತು. ಯಾಕೆ ಸಿಕ್ಕಿತೋ ಗೊತ್ತಿಲ್ಲ, ಬೇರೆ ಯಾರಿಗೋ ಬರಬೇಕಾದ್ದು ತಪ್ಪಿ ಬಂದಿರಬೇಕು ಎಂದು ಬಹಳ ದಿನ ಅನ್ನಿಸುತ್ತಿತ್ತು. ಮೊದಲ ತಿಂಗಳು ಪರೀಕ್ಷೆಯ ತಿಂಗಳು, ಪಾಸಾದರೆ ಕಾಯಂ, ಇಲ್ಲದಿದ್ದರೆ ಮತ್ತೆ ಗಾಣಕ್ಕೆ. ಕಂಪನಿಯ ಮನುಷ್ಯ ಮಧ್ಯಾಹ್ನದ ಬಸ್ಸಿನಲ್ಲಿ ಕಂಪ್ಯೂಟರು ತಂದು, ನಮ್ಮ ಮೇಜಿನ ಮೇಲೆ ಬಿಗಿದು, ಅದರ ನೆತ್ತಿಯ ಮೇಲೆ ಕ್ಯಾಮರಾ ಕೂರಿಸಿ, ಯಾರೂ ಅಲುಗಿಸಬಾರದೆಂದು ತಿರುಪಿನ ಮೇಲೆ ಅರಗಿನ ಮೊಹರು ಹಾಕಿ ಅದೇ ಬಸ್ಸಿಗೆ ಹೋದ. ಕೆಲಸ ಮಾಡುವಷ್ಟು ಹೊತ್ತೂ ಮೇಲ್ವಿಚಾರಕಿ ಮಂದಾಕಿನಿ ಮೇಡಂ ಅದರಲ್ಲಿ ನಮ್ಮನ್ನು ನೋಡಬಹುದು. ಯಾವಾಗ ನೋಡುತ್ತಾರೆ ಎಂದು ತಿಳಿಯದೆ ಇದ್ದುದರಿಂದ ನಾನು ಯಾವಾಗಲೂ ನೋಡುತ್ತಿದ್ದಾರೆ ಎಂದೇ ಕೂರುತ್ತಿದ್ದೆ.

ಬೆಳಿಗ್ಗೆ ಮೇಜು ಪೂರ್ವದ ಗೋಡೆಗೆ, ಮಧ್ಯಾಹ್ನದ ಮೇಲೆ ನಾನೂ ತಿಪ್ಪೇಶನೂ ಹಿಡಿದು ಪಶ್ಚಿಮದ ಗೋಡೆಗೆ. ನನ್ನ ಕುರ್ಚಿ ನಮ್ಮತ್ತೆ ಕಾಲು ಕತ್ತರಿಸಿದ ಹಳೆಯ ಮರದ ಕುರ್ಚಿ. ಅದರಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, ಮೊಣಕೈ ಮೈಗೆ ಅಂಟಿಸಿಕೊಂಡು ಕೂತಿದ್ದೆ. ಮೊದಲ ವಾರವೇ ತೆರೆಯ ಮೇಲೆ ಮೇಡಂ ಮುಖ ಬಂತು.

"ಇಂದ್ರಾಣಿ ಅವರೆ, ನಿಮ್ಮ ಕೆಲಸದಲ್ಲಿ ತಪ್ಪಿಲ್ಲ. ಆದರೆ ನೀವು ಕೂರುವ ರೀತಿ ಸರಿ ಕಾಣುತ್ತಿಲ್ಲ. ಜಮೀನ್ದಾರರ ಥರ ಹಿಂದಕ್ಕೆ ಒರಗಿಕೊಂಡು ಕೆಲಸ ಮಾಡಬಾರದು."

"ಒರಗಿಲ್ಲ, ಮೇಡಂ."

"ನಾನು ನೋಡುತ್ತಿದ್ದೇನಲ್ಲ."

ನಾನು ಇನ್ನೂ ನೆಟ್ಟಗಾದೆ. "ಈಗಲೂ ಒರಗಿದ್ದೀರಿ," ಎಂದರು. "ಒಳ್ಳೆಯ ಆಫೀಸ್ ಕುರ್ಚಿ ಒಂದು ತೆಗೆದುಕೊಳ್ಳಿ. ದುಬಾರಿಯದೇ ಬೇಕಿಲ್ಲ. ತಿಂಗಳ ಕೊನೆಗೆ ನಾನು ವರದಿ ಬರೆಯಬೇಕು."

ಮೇಜಿನ ಜೊತೆ ಕ್ಯಾಮರಾವೂ ವಾಲಿರುತ್ತದೆ, ಅದಕ್ಕೆ ನೆಟ್ಟಗಿರುವವರು ಒರಗಿದಂತೆ ಕಾಣುತ್ತಾರೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಹೊಳೆಯಬೇಕಾಗಿತ್ತು. ಹೊಳೆದದ್ದು ಒಂದೇ: ಅಷ್ಟು ಓದಿದವರು ಒರಗಿದ್ದೀರಿ ಎಂದರೆ ಒರಗಿಯೇ ಇರಬೇಕು. ಗಾಣದ ಮೂಟೆಗಳ ಮೇಲೆ ಒರಗಿ ಒರಗಿ ನನ್ನ ಬೆನ್ನಿಗೆ ಅದೇ ಚಾಳಿಯಾಗಿದೆ ಎಂದುಕೊಂಡೆ.

ಹೊರಗಿನ ಸಾಮಾನು ತರಿಸುವುದು ನಮ್ಮೂರಲ್ಲಿ ದಸ್ತಗೀರ್ ಸಾಬರೊಬ್ಬರೇ. ಬೆಳಿಗ್ಗೆ ಹೋದಾಗ ಅವರ ಅಂಗಡಿಯಲ್ಲಿ ಗಾಲಿ ಇರುವ ಕುರ್ಚಿಗಳನ್ನೆಲ್ಲ ಆಡು ಕಟ್ಟಿದ ಹಾಗೆ ಒಂದೇ ಹಗ್ಗದಲ್ಲಿ ಕಂಬಕ್ಕೆ ಕಟ್ಟಿದ್ದರು.

"ಕಟ್ಟದಿದ್ರೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಿರ್ತವೆ ಅಕ್ಕ," ಎಂದರು. "ಬಂದ ಊರಿಗೆ ವಾಪಸ್ ಹೋಗೋಣ ಅಂತ."

"ಯಾರು ಕೊಳ್ತಾರೆ ಸಾಬರೇ ಇವನ್ನ?"

"ನೀವೇ ಮೊದಲು. ಕೊಂಡರೆ ಅಂಗಡಿಗೆ ನಿಮ್ಮ ಹೆಸರಿಡ್ತೀನಿ."

ಅಗ್ಗದವುಗಳನ್ನು ಮಾತ್ರ ತೋರಿಸಲು ಹೇಳಿದೆ. ಎತ್ತರದ ಬೆನ್ನಿನ ಕಪ್ಪು ರೆಕ್ಸಿನ್ ಕುರ್ಚಿಯೊಂದಿತ್ತು, ಒಂದು ಕಡೆ ಹರಿದಿದ್ದರಿಂದ ಬೆಲೆ ಇಳಿಸಿದ್ದರು. ಕೂತರೆ ಮೈ ಒಳಗೆ ಹುದುಗಿಹೋಗುತ್ತಿತ್ತು, ಅದರಲ್ಲಿ ಕೂತವರು ಬೈಯುವುದಕ್ಕೇ ಕೂತ ಹಾಗೆ ಕಾಣುತ್ತಿದ್ದರು. ಜಮೀನ್ದಾರರ ಮಾತು ನೆನಪಾಗಿ ಎದ್ದುಬಿಟ್ಟೆ. ಮಡಚುವ ಕುರ್ಚಿ ಎಲ್ಲಕ್ಕಿಂತ ಅಗ್ಗ. ಗಾಲಿ ಇಲ್ಲದ್ದರಿಂದ ಓಡುವುದಿಲ್ಲ ಎಂದು ನನ್ನ ಮನಸ್ಸು ಅದರ ಕಡೆಗೇ ಇತ್ತು. ಆದರೆ ಇಳಿಜಾರಿಗೆ ಮುಖ ಮಾಡಿ ಕೂತರೆ ಅದು ತಾನಾಗಿ ಮಡಚಿಕೊಳ್ಳಲು ನೋಡುತ್ತದೆ. ಸಾಬರು ಹಿಂದಿನಿಂದ ಹಿಡಿದುಕೊಂಡು, "ಇದಕ್ಕೆ ಒಬ್ಬ ಆಳು ಬೇಕು, ಅಕ್ಕ. ಆಳನ್ನ ನಾನು ಮಾರಲ್ಲ," ಎಂದರು. ಇನ್ನೊಂದರ ಕೈಯಾಸರೆ ಮೇಜಿನ ಅಡಿಗೆ ಹೋಗದಷ್ಟು ಎತ್ತರ. ಮತ್ತೊಂದರ ಮೆತ್ತೆಯ ಮುಂದಿನ ಅಂಚು ತೊಡೆಗೆ ಒತ್ತುತ್ತಿತ್ತು. ಪ್ರತಿಯೊಂದರಲ್ಲೂ ಎರಡು ಸಲ ಕೂತೆ. ಮೂರನೆಯ ಸಲ ಕೂರಲು ಹೋದಾಗ ಸಾಬರು, "ಹೆಣ್ಣು ನೋಡೋಕೆ ಬಂದವರು ಸಹ ಇಷ್ಟು ನೋಡಲ್ಲ," ಎಂದರು.

ಕೊನೆಗೆ ಉಳಿದದ್ದು ಬಲೆಯ ಬೆನ್ನಿನ ಕುರ್ಚಿ. ಸೀಟಿನ ಕೆಳಗೆ ಒಂದು ಕಂಬ, ಅದರ ಬುಡದಿಂದ ಐದು ಪ್ಲಾಸ್ಟಿಕ್ ತೋಳು, ಪ್ರತಿ ತೋಳಿನ ತುದಿಗೊಂದು ಗಾಲಿ. ಸೀಟು ಮಾತ್ರ ಗಿರ್ರನೆ ತಿರುಗುತ್ತದೆ, ತೋಳುಗಳು ಇದ್ದಲ್ಲೇ ಇರುತ್ತವೆ. ಅದರಲ್ಲಿ ಕೂತಾಗ ಮೈ ಮುಂದಕ್ಕೆ ಜಾರುತ್ತಿತ್ತು, ಕಾಲೂರಿ ತಡೆಯಬೇಕಾಗಿತ್ತು. ಬೇಡವೆನ್ನುವಷ್ಟರಲ್ಲಿ ಅಂಗಡಿಯ ಗೋಡೆಯ ಕನ್ನಡಿ ಕಣ್ಣಿಗೆ ಬಿತ್ತು. ಅದರಲ್ಲಿ ನಾನು ಕಂಬದ ಹಾಗೆ ನೆಟ್ಟಗಿದ್ದೆ. ನಮ್ಮೂರಿನ ಕನ್ನಡಿಗಳಲ್ಲಿ ಎಲ್ಲರೂ ಸ್ವಲ್ಪ ಒರಗಿದಂತೆಯೇ ಕಾಣುವುದು, ಅದು ನಮಗೆ ರೂಢಿ. ನನ್ನನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು. ಕೊಂಡುಬಿಟ್ಟೆ.

ಮನೆಗೆ ತಂದಾಗ ನಮ್ಮತ್ತೆ ಅಟ್ಟದಿಂದ ಗರಗಸ ಇಳಿಸಿಕೊಂಡು ಕಾಯುತ್ತಿದ್ದರು. ಕುರ್ಚಿಯ ಸುತ್ತ ಒಂದು ಸುತ್ತು ಬಂದರು.

"ಇದರ ಕಾಲು ಎಲ್ಲಿ?"

"ಇದಕ್ಕೆ ಕಾಲಿಲ್ಲ ಅತ್ತೆ. ಕತ್ತರಿಸೋ ಹಾಗಿಲ್ಲ."

"ಕತ್ತರಿಸದ ಕುರ್ಚೀಲಿ ಕೂರ್ತೀಯಾ? ಬದುಕಿರೋಳು?"

"ಆಫೀಸಿನ ಕುರ್ಚಿ ಅತ್ತೆ, ಅವರ ಪದ್ಧತಿ ಬೇರೆ."

ಅವರು ಗರಗಸವನ್ನು ಮೂಲೆಗೆ ಒರಗಿಸಿದರು. ಅಟ್ಟಕ್ಕೆ ವಾಪಸ್ ಇಡಲಿಲ್ಲ. ಅದನ್ನು ನಾನು ಗಮನಿಸಬೇಕಾಗಿತ್ತು.

ಮರುದಿನ ಬೆಳಿಗ್ಗೆ ಕುರ್ಚಿಯನ್ನು ಹಿಂದಿನ ಕಿಟಕಿಯ ಸರಳಿಗೆ ಹಳೆಯ ಸೀರೆಯಿಂದ ಕಟ್ಟಿ ಕೆಲಸಕ್ಕೆ ಕೂತೆ. ಕಟ್ಟದಿದ್ದರೆ ಹೊಟ್ಟೆ ಹೋಗಿ ಮೇಜಿಗೆ ಒತ್ತುತ್ತಿತ್ತು. ಹಲ್ಲುಜ್ಜುತ್ತ ಬಂದ ತಿಪ್ಪೇಶ ನೋಡಿ, "ಕಟ್ಟಿದ್ದೀಯ ಸರಿ. ಹುಲ್ಲು ಹಾಕಿದ್ಯಾ?" ಎಂದ. ಮಂದಾಕಿನಿ ಮೇಡಂ ಮಾತ್ರ ಬಂದವರೇ, "ಈಗ ಸರಿಯಾಯಿತು ನೋಡಿ. ಶಿಸ್ತು ಅಂದರೆ ಇದು," ಎಂದರು.

ಆದರೆ ದಿನವೆಲ್ಲ ಇಳಿಜಾರಿನಲ್ಲಿ ಮುಂದಕ್ಕೆ ಬಾಗಿ, ಎರಡು ಕಾಲನ್ನೂ ಮೇಜಿನ ಅಡ್ಡಪಟ್ಟಿಗೆ ಒತ್ತಿ ಹಿಡಿದು ಕೂರುವುದು ಸುಲಭವಲ್ಲ. ಕಾಲಿನ ಮೀನಖಂಡ ಕಲ್ಲಾಯಿತು. ಕತ್ತು ತಿರುಗದಾಯಿತು. ಅರ್ಜಿಗಳನ್ನು ತಾಳೆ ನೋಡುವಾಗ, ಹುಟ್ಟಿದ ತಾರೀಕಿನಲ್ಲಿ ಒಂದು ತಪ್ಪು ನನ್ನ ಕಣ್ಣು ತಪ್ಪಿಸಿಕೊಂಡು ಹೋಗಿತ್ತು, ಎರಡನೆಯ ಸಲ ನೋಡಿದಾಗ ಸಿಕ್ಕಿತು. ಎರಡನೆಯ ಸಲ ನೋಡದಿದ್ದರೆ? ಅಂದು ಊಟ ಸೇರಲಿಲ್ಲ. ಆದರೂ ಮರದ ಕುರ್ಚಿಗೆ ಹೋಗಲು ಧೈರ್ಯ ಬರಲಿಲ್ಲ. ಎರಡನ್ನೂ ಮನಸ್ಸಿನಲ್ಲಿ ತೂಗಿ ನೋಡುತ್ತಿದ್ದೆ. ಒಂದರಲ್ಲಿ ಕೂತರೆ ನೆಟ್ಟಗಿರುತ್ತೇನೆ, ಒರಗಿದ ಹಾಗೆ ಕಾಣುತ್ತೇನೆ. ಇನ್ನೊಂದರಲ್ಲಿ ನೆಟ್ಟಗೆ ಕಾಣುತ್ತೇನೆ, ಮೈ ಬೀಳುತ್ತಿರುತ್ತದೆ. ಸಂಬಳ ಕೊಡುವವರು ನೋಡುವುದು ಕಾಣುವುದನ್ನೇ ಅಲ್ಲವೇ?

ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತ ನಮ್ಮತ್ತೆ, "ಕುರ್ಚಿ ಮನೆಯದಾಗಿಲ್ಲ. ಅದಕ್ಕೇ ನಿನ್ನ ದೂಡ್ತಿದೆ," ಎಂದರು.

"ತಿಂಗಳು ಮುಗೀಲಿ ಅತ್ತೆ."

"ತಿಂಗಳು ಮುಗಿಯೋ ಹೊತ್ತಿಗೆ ಕಾಲು ಮುಗಿದಿರುತ್ತೆ."

ತಿಂಗಳು ಮುಗಿಯಲು ಎರಡು ದಿನವಿದ್ದಾಗ, ಮಧ್ಯಾಹ್ನ, ತಿಪ್ಪೇಶನಿಗೆ ಬುತ್ತಿ ಕೊಟ್ಟು ಬರಲು ಎಣ್ಣೆ ಅಂಗಡಿಗೆ ಹೋಗಿದ್ದೆ. ಬಂದು ನೋಡಿದರೆ ಕುರ್ಚಿಯ ಸುತ್ತ ಕಪ್ಪು ಹುಡಿ. ಹಿಂದಿನ ಎರಡು ತೋಳಿನ ತುದಿಗಳು ಗಾಲಿ ಸಮೇತ ಕೆಳಗೆ ಬಿದ್ದಿದ್ದವು. ಮೊಂಡು ತೋಳುಗಳಿಗೆ ಅರಿಸಿನ ಕುಂಕುಮ ಹಚ್ಚಿ ಒಂದು ದಾಸವಾಳದ ಹೂ ಇಟ್ಟಿದ್ದರು. ನಮ್ಮತ್ತೆ ಬೆವರು ಒರೆಸಿಕೊಳ್ಳುತ್ತ ಪಕ್ಕದಲ್ಲಿ ಕೂತಿದ್ದರು.

"ಎಂಥ ಗಟ್ಟಿ ಪ್ಲಾಸ್ಟಿಕ್ಕು ಇಂದ್ರಿ! ಒಬ್ಬಳೇ ಮಾಡಿದೆ. ಹಿಡ್ಕೊಳ್ಳೋಕೂ ಯಾರಿರಲಿಲ್ಲ. ಕೂತ್ಕೋ, ನೋಡು."

ಬೈಯಬೇಕೆಂದು ಬಾಯಿ ತೆರೆದೆ. ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಕೂತೆ. ಕುರ್ಚಿ ಮೊಂಡು ತೋಳುಗಳ ಕಡೆಗೆ ವಾಲಿ ನಿಂತಿತು, ಥೇಟ್ ನಮ್ಮ ಮರದ ಕುರ್ಚಿಗಳ ಹಾಗೆ. ಮಧ್ಯಾಹ್ನವಾದ್ದರಿಂದ ಹಿಂದಕ್ಕೆ ಒರಗಿತು. ತಪ್ಪಲ್ಲವೇ ಎಂದುಕೊಳ್ಳುತ್ತಲೇ ಅದರಲ್ಲಿ ಒಂದು ಸಣ್ಣ ನಿದ್ದೆಯನ್ನೂ ಮಾಡಿಬಿಟ್ಟೆ.

ಮಧ್ಯಾಹ್ನದ ಮೇಲೆ ಮೇಜನ್ನು ಪಶ್ಚಿಮದ ಗೋಡೆಗೆ ಸಾಗಿಸಿದೆವು. ಕುರ್ಚಿಯ ಬುಡವನ್ನು ತಿರುಗಿಸಬೇಕೆಂದು ನನಗಾಗಲಿ ತಿಪ್ಪೇಶನಿಗಾಗಲಿ ನೆನಪಾಗಲಿಲ್ಲ. ಸೀಟು ತಾನಾಗಿ ತಿರುಗುತ್ತದಲ್ಲ, ಮುಖ ಪಶ್ಚಿಮಕ್ಕೆ ಬಂದರೆ ಕುರ್ಚಿ ತಿರುಗಿದಂತೆ ಎಂದುಕೊಂಡೆವು. ಸಂಜೆ ಊರು ಆ ಕಡೆ ವಾಲುವಾಗ ಮೊಂಡು ತೋಳುಗಳು ಇಳಿಜಾರಿನ ಕಡೆಗೇ ಇದ್ದವು. ಮೇಡಂ ಮುಖ ತೆರೆಯ ಮೇಲೆ ಬಂದು, "ಇಂದ್ರಾಣಿ ಅವರೆ, ನಾಳಿದ್ದು ವರದಿ ಕಳಿಸಬೇಕು, ನಿಮ್ಮ ಬಗ್ಗೆ ನನಗೆ..." ಎನ್ನುವಷ್ಟರಲ್ಲಿ ನಾನು ಮುಂದಕ್ಕೆ ಬಾಗಿದೆ, ಕುರ್ಚಿಯೂ ಬಾಗಿತು, ಬಾಗಿದ್ದು ನಿಲ್ಲಲಿಲ್ಲ. ಹಣೆ ಮೇಜಿನ ಪಟ್ಟಿಗೆ ಬಡಿದು ನಾನು ಮೇಜಿನ ಕೆಳಗೆ ಹೋದೆ.

"ಇಂದ್ರಾಣಿ? ಎಲ್ಲಿದ್ದೀರಿ?"

"ಇಲ್ಲೇ ಇದ್ದೀನಿ, ಮೇಡಂ," ಎಂದೆ ಕೆಳಗಿನಿಂದ.

ತಿಪ್ಪೇಶ ತೆವಳಿಕೊಂಡು ಬಂದು ನನ್ನನ್ನು ಎಳೆದ. ಕುರ್ಚಿ ಮುರಿಯಿತು ಎಂದಷ್ಟೇ ಹೇಳಿ ಮರದ ಕುರ್ಚಿಗೆ ಬಂದೆ. ಮೇಡಂ ಬಹಳ ಹೊತ್ತು ನೋಡಿದರು. "ಮತ್ತೆ ಒರಗಿದ್ದೀರಿ," ಎಂದರು. "ಕುರ್ಚಿ ಬದಲಾದರೆ ಸಾಲದು, ಕೂರುವವರೂ ಬದಲಾಗಬೇಕು. ನಾಳೆ ಬೆಳಿಗ್ಗೆ ಕೊನೆಯ ಸಲ ನೋಡುತ್ತೇನೆ. ಅದರ ಮೇಲೆ ಬರೆಯುತ್ತೇನೆ."

ನಮ್ಮತ್ತೆ ಅಂದು ಊಟಕ್ಕೆ ಏಳಲಿಲ್ಲ. "ನಾನೇ ನಿನ್ನ ಕೆಲಸ ಕತ್ತರಿಸಿಬಿಟ್ಟೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಅವರು ತಪ್ಪು ಮಾಡಿರಲಿಲ್ಲ. ಬೆಳಿಗ್ಗೆ ಕೂತಿದ್ದರೆ ಆ ಕುರ್ಚಿ ನನ್ನನ್ನು ನೆಟ್ಟಗೇ ಇಡುತ್ತಿತ್ತು. ಅಂದರೆ ಮೇಡಂ ಅದರಲ್ಲೂ ಒರಗಿದ್ದೀರಿ ಎನ್ನುತ್ತಿದ್ದರು. ಅಷ್ಟು ಯೋಚಿಸಿದ ಮೇಲೆ ಸಾಬರ ಅಂಗಡಿಯ ಕನ್ನಡಿ ನೆನಪಾಯಿತು. ಕನ್ನಡಿ ಗೋಡೆಯ ಜೊತೆಗಿತ್ತು. ಕ್ಯಾಮರಾ ಮೇಜಿನ ಜೊತೆಗಿದೆ. ಇಷ್ಟು ದಿನವೂ ನಾನು ತಿದ್ದುತ್ತಿದ್ದದ್ದು ನನ್ನನ್ನೇ.

ಬೆಳಿಗ್ಗೆ ಎದ್ದು, ಕತ್ತರಿಸಿ ಬಿದ್ದಿದ್ದ ಎರಡು ತುದಿಗಳನ್ನು ಎತ್ತಿಕೊಂಡೆ. ಗಾಲಿಗಳನ್ನು ಕಿತ್ತು ತೆಗೆದೆ. ಒಳಗೆ ಟೊಳ್ಳು. ಮೇಜಿನ ಆಚೆ ಕಡೆಯ ಕಾಲುಗಳನ್ನು ಎತ್ತಿ ಒಂದೊಂದರ ಕೆಳಗೆ ಒಂದೊಂದನ್ನು ಇಟ್ಟರೆ, ಹೇಳಿ ಮಾಡಿಸಿದ ಹಾಗೆ ಕೂತವು. ಪಟ್ಟಿಗೆ ಒರಗಿಕೊಂಡಿದ್ದ ನನ್ನ ಪೆನ್ನನ್ನು ಮೇಜಿನ ನಡುವೆ ಇಟ್ಟೆ. ಇಟ್ಟಲ್ಲೇ ಇತ್ತು.

ನಮ್ಮತ್ತೆ ಬಾಗಿಲಲ್ಲಿ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡರು. "ಮೇಜಿಗೆ ಬೆಣೆಯಾ? ಇಂದ್ರಿ, ಬದುಕಿರೋರ ಮನೇಲಿ?"

"ಇವತ್ತೊಂದು ದಿನ ಅತ್ತೆ."

"ಹೆಣದ ಹಲಗೆ ಥರ..."

"ಮೊಹರು ಮುಟ್ಟೋ ಹಾಗಿಲ್ಲ, ಕ್ಯಾಮರಾ ಅಲುಗಿಸೋ ಹಾಗಿಲ್ಲ. ಇದೊಂದೇ ಉಳಿದಿರೋದು."

ಅವರು ಒಳಗೆ ಹೋಗಲಿಲ್ಲ, ಹೊರಗೂ ಹೋಗಲಿಲ್ಲ. ಹೊಸ್ತಿಲ ಮೇಲೇ ನಿಂತರು. ನಾನು ಮರದ ಕುರ್ಚಿಯನ್ನು ಎಳೆದುಕೊಂಡು ಕೂತೆ. ಕಾಲು ನೆಲದ ಮೇಲೆ ಸುಮ್ಮನೆ ಇತ್ತು, ಯಾವುದನ್ನೂ ಒತ್ತಬೇಕಾಗಿರಲಿಲ್ಲ.

ಮಂದಾಕಿನಿ ಮೇಡಂ ಬಂದರು. ಮೊದಲು ನನ್ನನ್ನು ನೋಡಿದರು, ಆಮೇಲೆ ನನ್ನ ಹಿಂದಕ್ಕೆ.

"ನೀವು ನೆಟ್ಟಗೆ ಕೂತಿದ್ದೀರಿ. ಆದರೆ ನಿಮ್ಮ ಹಿಂದಿನ ಗೋಡೆ... ಇಂದ್ರಾಣಿ ಅವರೆ, ಗೋಡೆ ನಿಮ್ಮ ತಲೆಯ ಮೇಲೆ ಬೀಳುವ ಹಾಗಿದೆ!"

"ಗೋಡೆಗೇನು ಪರೀಕ್ಷೆಯ ತಿಂಗಳಿಲ್ಲವಲ್ಲ, ಮೇಡಂ."

ಅದು ನನ್ನ ಬಾಯಿಂದ ಬಂದ ಮಾತೇ ಎಂದು ನನಗೆ ಗಾಬರಿಯಾಯಿತು. ಹಿಂದೆ ಒಳಮನೆಯಲ್ಲಿ ಕೆಮ್ಮುತ್ತಿದ್ದ ತಿಪ್ಪೇಶ ತಟ್ಟನೆ ಕೆಮ್ಮು ನಿಲ್ಲಿಸಿದ.

ಮೇಡಂ ತೆರೆಗೆ ಇನ್ನೂ ಹತ್ತಿರ ಬಂದರು. "ಆ ಕ್ಯಾಲೆಂಡರು ಯಾಕೆ ಗೋಡೆ ಬಿಟ್ಟು ನಿಂತಿದೆ?"

"ಕ್ಯಾಲೆಂಡರು ನೆಟ್ಟಗೇ ಇದೆ, ಮೇಡಂ. ವಾಲಿರೋದು ಗೋಡೆ. ನಮ್ಮೂರು ಬೆಳಿಗ್ಗೆ ಪೂರ್ವಕ್ಕೆ ವಾಲುತ್ತೆ, ಸಂಜೆ ಪಶ್ಚಿಮಕ್ಕೆ. ನಿಮ್ಮವರು ಬಂದದ್ದು ಮಧ್ಯಾಹ್ನ, ಅವರಿಗೆ ಗೊತ್ತಾಗಿಲ್ಲ."

ನಮ್ಮತ್ತೆ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಮೇಜಿನ ಮೇಲೆ ನೀರಿನ ಲೋಟ ಇತ್ತು. ಅದನ್ನೆತ್ತಿ ಕ್ಯಾಮರಾಕ್ಕೆ ತೋರಿಸಿದೆ, ಆಮೇಲೆ ಬಗ್ಗಿ ನೆಲದ ಮೇಲೆ ಸುರಿದೆ. ನೀರು ಮೇಜಿನ ಕಡೆಗೆ ಹರಿದು ಬಂದು ಗೋಡೆಯ ಬುಡದಲ್ಲಿ ನಿಂತಿತು. ಅಷ್ಟೂ ಅವರಿಗೆ ಕಾಣಿಸಲಾರದೆಂದು ಆಮೇಲೆ ಹೊಳೆಯಿತು. ಆದರೆ ಸುರಿದಾಗಿತ್ತು.

"ಹಾಗಾದರೆ ಮೊದಲ ವಾರ, ನಾನು ಒರಗಿದ್ದೀರಿ ಅಂದಾಗ?"

"ನೆಟ್ಟಗೇ ಕೂತಿದ್ದೆ, ಮೇಡಂ."

"ನಾನು ಶಿಸ್ತು ಅಂದಾಗ?"

"ಬೀಳ್ತಾ ಇದ್ದೆ."

"ಮತ್ತೆ ಯಾಕೆ ಮೊದಲೇ ಹೇಳಲಿಲ್ಲ?"

ಊರಿನ ವಾಡಿಕೆಯ ವಿಷಯ ಹೇಳಬಹುದಿತ್ತು. ಅದು ಪೂರ್ತಿ ನಿಜವಾಗುತ್ತಿರಲಿಲ್ಲ. "ನೀವು ಹೇಳಿದ ಮೇಲೆ, ನಾನೇ ಒರಗಿದ್ದೀನೇನೋ ಅನ್ನಿಸಿತು, ಮೇಡಂ."

ಮಂದಾಕಿನಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು, "ಮುಂದಿನ ಅರ್ಜಿ ತೆಗೆಯಿರಿ," ಎಂದರು. ತೆರೆಯಿಂದ ಹೋಗುವಾಗ, "ಹೀಗೇ ಕೂತಿರಿ. ಗೋಡೆ ಹೇಗಾದರೂ ಇರಲಿ," ಎಂದರು.

ಕಾಯಂ ಮಾಡಿದ ಪತ್ರ ಮಧ್ಯಾಹ್ನದ ಬಸ್ಸಿನಲ್ಲಿ ಬಂತು. ತಿಪ್ಪೇಶ ಅದನ್ನು ಎಣ್ಣೆ ಕೈಯಲ್ಲೇ ಹಿಡಿದು ಓದಿದ್ದರಿಂದ ಅದಕ್ಕೊಂದು ಹೆಬ್ಬೆಟ್ಟಿನ ಗುರುತು ಬಿದ್ದಿದೆ. ಬಲೆಯ ಕುರ್ಚಿಯನ್ನು ದಸ್ತಗೀರ್ ಸಾಬರು ವಾಪಸ್ ತೆಗೆದುಕೊಳ್ಳಲಿಲ್ಲ. ಅಂಗಡಿಗೆ ನನ್ನ ಹೆಸರನ್ನೂ ಇಡಲಿಲ್ಲ. ಕುರ್ಚಿ ಈಗ ನಮ್ಮತ್ತೆಯದು, ಮಧ್ಯಾಹ್ನದ ನಿದ್ದೆಗೆ ಅದರಂಥದು ಊರಲ್ಲೇ ಇಲ್ಲ ಎನ್ನುತ್ತಾರೆ.

ಆದರೆ ನಿದ್ದೆಗೆ ಮೊದಲು ಅವರದೊಂದು ಕೆಲಸವಿದೆ. ಊರು ಮಟ್ಟಕ್ಕೆ ಬರುವ ಹೊತ್ತಿಗೆ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ, ಮೇಜಿನ ಕಾಲಡಿಯಿಂದ ಎರಡು ಬೆಣೆಗಳನ್ನೂ ತೆಗೆದು ಸೆರಗಿನಲ್ಲಿ ಒರೆಸಿ ಇಡುತ್ತಾರೆ. ಮೇಜನ್ನು ಆ ಕಡೆ ಸಾಗಿಸಿದ ಮೇಲೆ ಮತ್ತೆ ತಾವೇ ಇಡುತ್ತಾರೆ, ನನ್ನನ್ನು ಮುಟ್ಟಲು ಬಿಡುವುದಿಲ್ಲ. ಮೊದಲ ದಿನಗಳಲ್ಲಿ ಬಾಗಿಲು ಹಾಕಿಕೊಂಡು ಇಡುತ್ತಿದ್ದರು. ಕಳೆದ ಶುಕ್ರವಾರ ನೋಡುತ್ತೇನೆ, ಬಾಗಿಲು ತೆರೆದೇ ಇದೆ, ಪಕ್ಕದ ಮನೆಯವರು ಬಗ್ಗಿ ನೋಡುತ್ತಿದ್ದಾರೆ, ನಮ್ಮತ್ತೆ ನೆಲದ ಮೇಲೆ ಕೂತು ಆ ಎರಡು ಪ್ಲಾಸ್ಟಿಕ್ ತುಂಡುಗಳಿಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದಾರೆ.

"ಹೂಂ," ಎಂದರು, ಮೇಜಿನ ಕಾಲನ್ನು ತಟ್ಟಿ. "ಈಗ ಇದು ಮನೆಯದಾಯ್ತು. ಕೂತ್ಕೋ."